ಉಸಿರಾಟದ ಬೆಲ್ಟ್: ಬೆವರು ಕೊನೆಗೂ ಹೊರಗೇ ನಿಂತಿತು

ಎದೆಗೆ ಕಟ್ಟಿಕೊಂಡರೆ ಉಸಿರು ಎಣಿಸುವ ನನ್ನ ಬೆಲ್ಟ್ ಈಗ ಬೆವರಿನಲ್ಲೂ ಸರಿಯಾಗಿ ಓದುತ್ತಿದೆ! ಲೀಟರ್ ನೀರಿಗೆ 5 ಗ್ರಾಂ ಉಪ್ಪು ಹಾಕಿ, ಸೆನ್ಸರ್ ಪಟ್ಟಿಯನ್ನು ರಾತ್ರಿಯಿಡೀ ಅದರಲ್ಲಿ ಮುಳುಗಿಸಿಟ್ಟಿದ್ದೆ. ಬೆಳಗ್ಗೆ ಎತ್ತಿ ಒರೆಸಿ ಎದೆಗೆ ಕಟ್ಟಿಕೊಂಡರೆ ಅಲೆ ನೀಟಾಗಿ ಏರುತ್ತದೆ, ಇಳಿಯುತ್ತದೆ. ತುಂಬ ಖುಷಿಯಾಗಿದೆ, ಅದಕ್ಕೇ ಬಿಸಿಬಿಸಿಯಾಗಿ ಬರೆಯುತ್ತಿದ್ದೇನೆ.

ಸಿಲಿಕೋನ್ ಕಲಸುವುದು, ಗುಳ್ಳೆ ತೆಗೆಯುವುದು, ಅಚ್ಚಿಗೆ ಹಾಕುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ಒಂದು ಮಾತು ಮಾತ್ರ. ಇಕೋಫ್ಲೆಕ್ಸ್ 00-30 (ಎರಡು ಡಬ್ಬಿಯ ದ್ರವ ಬೆರೆಸಿ ಮಾಡುವ ಮೆತ್ತನೆಯ ಸಿಲಿಕೋನ್) ಕಲಸಿದ ಮೇಲೆ 45 ನಿಮಿಷ ಸಮಯ ಸಿಗುತ್ತದೆ ಅನ್ನುವುದು 23 ಡಿಗ್ರಿಯ ಲೆಕ್ಕ. ದಾವಣಗೆರೆಯ ಏಪ್ರಿಲ್‌ಗೆ ಅದು ನಡೆಯಲ್ಲ, ಸೆಕೆಗೆ ಬೇಗ ಗಟ್ಟಿಯಾಗುತ್ತದೆ. ಎರಡೂ ಡಬ್ಬಿಗಳನ್ನು ಮೊದಲೇ ಫ್ರಿಜ್ಜಿನಲ್ಲಿಡಿ. ಲೇಟೆಕ್ಸ್ ಗ್ಲೌಸ್ ಹಾಕಬೇಡಿ. ಅದರ ಗಂಧಕ ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತದೆ.

ಈ ಬೆಲ್ಟ್ ಯಾರಿಗಾಗಿ ಅಂದರೆ, ನಮ್ಮ ಚಿಕ್ಕಪ್ಪನಿಗೆ. ಅವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಬೆಂಕಿ, ಹೊಗೆ, ಬೆವರು. ಕೂತಾಗ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಸಲ ಇರುತ್ತದೆ. ಕೆಲಸದ ಹೊತ್ತಿನಲ್ಲಿ ಅದು ಎಷ್ಟಕ್ಕೆ ಏರುತ್ತದೆ, ಕೆಲಸ ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವುದು ನನಗೆ ಬೇಕು. ಆಸ್ಪತ್ರೆಯಲ್ಲಿ ಕುರ್ಚಿ ಮೇಲೆ ಕೂರಿಸಿ ಎಣಿಸಿದರೆ ಅದು ತಿಳಿಯುವುದಿಲ್ಲ, ಅಲ್ವಾ? ಮೊದಲ ಮಾದರಿ ನೋಡಿದಾಗ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಇದನ್ನ ಕಟ್ಕಂಡು ಬೆವರಿದ್ರೆ ಕರೆಂಟ್ ಹೊಡಿಯಲ್ವೇನಪ್ಪ?" 3.3 ವೋಲ್ಟ್ ಅಷ್ಟೇ ಚಿಕ್ಕಪ್ಪ, ಏನೂ ಆಗಲ್ಲ ಅಂದೆ. ಬೆವರಿನ ವಿಷಯದಲ್ಲಿ ಅವರು ಕೈಯಿಟ್ಟಿದ್ದು ಮಾತ್ರ ಸರಿಯಾದ ಜಾಗಕ್ಕೇ.

ಹಿಗ್ಗುವಿಕೆ ಅಳೆಯಲು ಮೊದಲು ಹಿಡಿದಿದ್ದ ಕಾರ್ಬನ್ ರಬ್ಬರ್ ದಾರವನ್ನು ಕೈಬಿಟ್ಟ ಕಥೆ ಚಿಕ್ಕದು. ಎಳೆದು ಹಿಡಿದರೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮ್ನೆ ಜಾರುತ್ತಲೇ ಇರುತ್ತದೆ. ಬಿಟ್ಟ ಮೇಲೆ ಹಳೆಯ ಜಾಗಕ್ಕೆ ಬೇಗ ಬರುವುದೂ ಇಲ್ಲ. ಹಾಗಾಗಿ ಕೆಪಾಸಿಟರ್ ದಾರಿ ಹಿಡಿದೆ: ಕರೆಂಟ್ ಹರಿಯುವ ಎರಡು ಪದರ, ನಡುವೆ ಹರಿಯದ ಒಂದು. ಅದು ಎಷ್ಟು ಚಾರ್ಜ್ ಹಿಡಿದಿಡಬಲ್ಲದು ಅನ್ನುವುದೇ ಕೆಪಾಸಿಟೆನ್ಸ್. ಎರಡು ಬೆಳ್ಳಿ ಲೇಪದ ಹಿಗ್ಗುವ ಬಟ್ಟೆ, ನಡುವೆ 1 ಮಿಲಿಮೀಟರ್ ಸಿಲಿಕೋನ್. ಎಳೆದಾಗ ಪಟ್ಟಿ ಉದ್ದವಾಗುತ್ತದೆ, ತೆಳ್ಳಗೂ ಆಗುತ್ತದೆ. ಶೇಕಡಾ 5 ಹಿಗ್ಗಿದರೆ ಕೆಪಾಸಿಟೆನ್ಸ್ ಕೂಡ ಹೆಚ್ಚುಕಡಿಮೆ ಶೇಕಡಾ 5 ಏರುತ್ತದೆ. ಲೆಕ್ಕ ಸರಳ. ಕೆಪಾಸಿಟೆನ್ಸ್ ಓದುವುದಕ್ಕೆ ಎಫ್‌ಡಿಸಿ1004 ಚಿಪ್, ಅದರ ಹಿಂದೆ ಲೆಕ್ಕ ಮಾಡುವ ಪುಟ್ಟ ಕಂಪ್ಯೂಟರ್ ಇಎಸ್‌ಪಿ32.

ತಲೆನೋವು ಶುರುವಾಗಿದ್ದು ಇಲ್ಲಿ. ಕೈ ಹತ್ತಿರ ಬಂದರೂ ಕೆಪಾಸಿಟೆನ್ಸ್ ಬದಲಾಗುತ್ತದೆ. ಎರಡು ಬಟ್ಟೆಗಳಲ್ಲಿ ಒಂದು ಸಿಗ್ನಲ್, ಅಂದರೆ ಚಿಪ್ ಅಳೆಯುವುದು; ಇನ್ನೊಂದು ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿಗೆ ಜೋಡಿಸಿದ್ದು. ಚರ್ಮದ ಕಡೆಗೆ ಗ್ರೌಂಡ್ ಪದರ ತಿರುಗಿಸಿದರೆ ಅರ್ಧ ಕಾಟ ಹೋಯಿತು. ಆದರೆ ಹೊರಗಡೆ ತೋಳು ಹಾದುಹೋದಾಗಲೆಲ್ಲ ಒಂದು ಸುಳ್ಳು ಉಸಿರು! ಬೇರೆ ವೇಗದ ಅಲೆಯನ್ನು ಸೋಸುವ ಫಿಲ್ಟರ್ ಕೋಡ್ ಬರೆದು ತೆಗೆದುಬಿಡೋಣ ಅಂದುಕೊಳ್ಳುತ್ತೀರಿ. ನಡೆಯುವಾಗಿನ ತೋಳಿನ ಬೀಸಾದರೆ ಸರಿ, ಅದು ಉಸಿರಿಗಿಂತ ವೇಗ. ಆದರೆ ಭಟ್ಟಿ ಮುಂದೆ ನಿಂತು ಅಕ್ಕಿ ತಿರುವುವ ಕೈಗೆ ತನ್ನದೇ ಲಯವಿದೆ. ಅದು ಕೆಲವೊಮ್ಮೆ ಉಸಿರಿನ ಲಯದ ಪಕ್ಕಕ್ಕೇ ಬಂದು ಕೂರುತ್ತದೆ. ಎರಡೂ ಒಂದೇ ವೇಗದಲ್ಲಿದ್ದರೆ ಯಾವ ಫಿಲ್ಟರ್ ಬೇರೆ ಮಾಡುತ್ತದೆ? ಇದನ್ನು ಬಟ್ಟೆಯಲ್ಲೇ ಸರಿಮಾಡಬೇಕು.

ಆದ್ದರಿಂದ ಮೂರು ಪದರ: ಗ್ರೌಂಡ್, ಸಿಗ್ನಲ್, ಗ್ರೌಂಡ್. ನಡುವಿನ ಸಿಗ್ನಲ್ ಬಟ್ಟೆ 80 ಮಿಲಿಮೀಟರ್ ಉದ್ದ, 15 ಅಗಲ. ಎರಡೂ ಕಡೆ ಸೇರಿ ಕೆಪಾಸಿಟೆನ್ಸ್ ಸುಮಾರು 60 ಪಿಕೊಫ್ಯಾರಡ್. ಚಿಪ್ಪಿನ ಅಳತೆ ವ್ಯಾಪ್ತಿ ಪ್ಲಸ್ ಮೈನಸ್ 15, ಆದರೆ 100ರವರೆಗೆ ಮೊದಲೇ ಕಳೆದುಬಿಡುವ ಆಫ್‌ಸೆಟ್ ಕೊಡಬಹುದು. ಆರಾಮಾಗಿ ಹಿಡಿಯುತ್ತದೆ. ವೈರಿನ ಹೊರಕವಚಕ್ಕೆ ಚಿಪ್ಪಿನ ಶೀಲ್ಡ್ ಪಿನ್ನನ್ನೇ (ಸಿಗ್ನಲ್ಲಿನ ವೋಲ್ಟೇಜನ್ನೇ ಹಿಂಬಾಲಿಸುವ ಪಿನ್) ಬಳಸಿ, ಗ್ರೌಂಡ್ ಬೇಡ. ಇಲ್ಲದಿದ್ದರೆ ವೈರಿನ ಕೆಪಾಸಿಟೆನ್ಸ್ ಕೂಡ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಈಗ ಪಟ್ಟಿ ಮೇಲೆ ಅಂಗೈ ಆಡಿಸಿದರೂ ಅಲೆ ಅಲುಗುವುದಿಲ್ಲ.

ಆಮೇಲೆ ಬೆವರು. ಕತ್ತರಿಸಿದ ಅಂಚಿನಲ್ಲಿ ಮೂರೂ ಬಟ್ಟೆಗಳು ಒಂದೇ ಗೆರೆಗೆ ಬರುತ್ತಿದ್ದವು. ಅಲ್ಲಿ ಒಂದು ಹನಿ ಉಪ್ಪುನೀರು ಕೂತರೆ ಸಿಗ್ನಲ್ಲಿಗೂ ಗ್ರೌಂಡಿಗೂ ಸೇತುವೆ ಕಟ್ಟಿದ ಹಾಗೆ. ರೀಡಿಂಗ್ ಜಿಗಿದು ಮೇಲಕ್ಕೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತಿತ್ತು. ಅಂಚಿಗೆ ಸಿಲಿಕೋನ್ ಬಳಿದರೆ ಹಿಗ್ಗಿಸಿದಾಗ ಸಿಪ್ಪೆಯಾಗಿ ಏಳುತ್ತಿತ್ತು. ಎಲಾಸ್ಟಿಕ್ ಹೊಲಿಸಲು ಹೋದಾಗ ನಮ್ಮ ಟೇಲರ್ ಅಣ್ಣ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಶರ್ಟ್ ಕಾಲರ್ ಒಳಗಿನ ಕ್ಯಾನ್ವಾಸ್ ಯಾವತ್ತೂ ಚಿಕ್ಕದೇ ಕತ್ತರಿಸೋದು. ಅಂಚಿಗೆ ಬಂದ್ರೆ ಕೆಟ್ಟು ಹೋಗ್ತದೆ. ನೀನ್ಯಾಕೆ ಮೂರೂ ಒಂದೇ ಅಳತೆಗೆ ಕತ್ತರಿಸ್ತೀಯ?" ಇಷ್ಟೇ! ಸಿಗ್ನಲ್ ಬಟ್ಟೆ ಅದೇ ಅಳತೆಗೆ ಇಟ್ಟು, ಗ್ರೌಂಡ್ ಬಟ್ಟೆಗಳನ್ನು ಸುತ್ತಲೂ 3 ಮಿಲಿಮೀಟರ್ ದೊಡ್ಡದು ಮಾಡಿದೆ. ಅಂಚು ಪೂರ್ತಿ ಸಿಲಿಕೋನ್, ಒಳಗಿನ ಬಟ್ಟೆ ಹೊರಗೆ ಕಾಣುವುದೇ ಇಲ್ಲ.

ಉಳಿದದ್ದು ಬಾಲ. ಟಿಚ್ ಬಟನ್ ಹಾಕಲು ಸಿಗ್ನಲ್ ಬಟ್ಟೆಯ ಒಂದು ತುಂಡು ಹೊರಗೆ ಬರಲೇಬೇಕು. ಬೆವರು ಅದರ ನೂಲುಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಒಳಗೆ ಏರಿಬಿಡುತ್ತಿತ್ತು. ಮೇಲೆ ಎಷ್ಟು ಬಳಿದರೂ ನೂಲಿನ ಒಳದಾರಿ ಮುಚ್ಚುವುದಿಲ್ಲ. ಈಗ ಮಾಡಿದ್ದು ಇದು: ಬಾಲದ ಬುಡದಲ್ಲಿ ಒಂದು ಸೆಂಟಿಮೀಟರ್ ಜಾಗಕ್ಕೆ ತೆಳ್ಳಗಿನ ಸಿಲಿಕೋನ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಇಟ್ಟು ಬೆರಳಿನಿಂದ ಒತ್ತಿ ಒತ್ತಿ ನೂಲಿನೊಳಗೆ ಇಳಿಸಿದೆ. ಅದು ಗಟ್ಟಿಯಾದ ಮೇಲೇ ಮೂರು ಪದರ ಜೋಡಿಸಿದೆ. ಉಪ್ಪುನೀರಿನ ಪರೀಕ್ಷೆ ಗೆದ್ದಿದ್ದು ಈ ಒಂದು ಸೆಂಟಿಮೀಟರಿನಿಂದ.

ಬಟ್ಟೆ ಮಾರುವವರ ಬಗ್ಗೆ ಒಂದು ಮಾತು. ಆನ್‌ಲೈನ್ ಅಂಗಡಿಯೊಂದರಲ್ಲಿ ಬೆಳ್ಳಿ ಲೇಪದ ಹಿಗ್ಗುವ ಬಟ್ಟೆ ಅಂತ ದುಡ್ಡು ಕೊಟ್ಟೆ. ಬಂದದ್ದು ತಾಮ್ರ-ನಿಕ್ಕೆಲ್ ಲೇಪದ ಬಿಗಿ ನೇಯ್ಗೆ. ಹಿಗ್ಗುವುದೇ ಇಲ್ಲ. ನಿಕ್ಕೆಲ್ ಕೆಲವರ ಚರ್ಮಕ್ಕೆ ತುರಿಕೆ ತರಿಸುತ್ತದೆ ಬೇರೆ. ಕೇಳಿದರೆ "ಎರಡರಲ್ಲೂ ಕರೆಂಟ್ ಹರಿಯುತ್ತೆ ಸರ್" ಎಂಬ ಉತ್ತರ. ಮೈಗೆ ಕಟ್ಟುವ ವಸ್ತು ಮಾರುವವರು ಹೀಗೆ ಮಾತಾಡಬಾರದು, ನನಗೆ ನಿಜಕ್ಕೂ ಸಿಟ್ಟು ಬಂತು. ಕೊಳ್ಳುವ ಮೊದಲು ಎಳೆದು ತೋರಿಸುವ ವಿಡಿಯೋ ಕೇಳಿ.

ಮುಂದಿನದು ಅಮ್ಮನ ಮೊಣಕಾಲಿಗೆ ಒಂದು ತೋಳಿನಂಥ ಚೀಲ, ಎಷ್ಟು ಮಡಚುತ್ತಾರೆ ಅಂತ ಅಳೆಯಲು. ಅಲ್ಲಿ ಬಟ್ಟೆ ಬಿಟ್ಟು ದ್ರವ ಲೋಹ ನೋಡುವ ಆಸೆ. ಗ್ಯಾಲಿಯಂ ಒಂದೇ ಆದರೆ 29.8 ಡಿಗ್ರಿಗೆ ಕರಗುತ್ತದೆ. ನಮ್ಮೂರಲ್ಲಿ ಡಿಸೆಂಬರ್ ಬೆಳಗ್ಗೆ ಗಟ್ಟಿ, ಏಪ್ರಿಲ್‌ನಲ್ಲಿ ನೀರು. ಇಂಡಿಯಂ ಬೆರೆಸಿದ ಮಿಶ್ರಣವಾದರೆ 16 ಡಿಗ್ರಿಯ ಆಸುಪಾಸಿಗೇ ಕರಗುತ್ತದೆ. ಆದರೆ ಅಲ್ಯುಮಿನಿಯಂಗೆ ತಾಗಿದರೆ ಅದನ್ನು ಪುಡಿಪುಡಿ ಮಾಡಿಬಿಡುತ್ತದೆ. ಅಡುಗೆಮನೆ ಪಾತ್ರೆಗಳ ಹತ್ತಿರ ತರುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಾಗಿದೆ.

ಅದಕ್ಕೆ ಮೊದಲು ಬೆಲ್ಟ್ ಮುಗಿಸಬೇಕು. ಚಿಕ್ಕಪ್ಪ ಕಟ್ಟಿಕೊಂಡು ಕೂತಾಗ ಪಕ್ಕದಲ್ಲಿ ಗಡಿಯಾರ ಹಿಡಿದು ಕೈಯಲ್ಲೂ ಎಣಿಸಿದೆ, ಎರಡೂ ಹೊಂದಿದವು. ಮಾತಾಡುವಾಗ, ಕೆಮ್ಮುವಾಗ ಇನ್ನೂ ಹೊಂದುತ್ತಿಲ್ಲ. ಕೆಮ್ಮು ಚೂಪಾಗಿ ಏರಿ ಇಳಿಯುತ್ತದೆ, ಅದನ್ನು ಉಸಿರಿನಿಂದ ಬೇರೆ ಎಣಿಸಿದರೆ ನಮಗೇ ಲಾಭ. ಹೊಗೆಯಲ್ಲಿ ಕೆಲಸ ಮಾಡುವವರಿಗೆ ಆ ಎಣಿಕೆಯೂ ಬೇಕು. ಈ ವಾರ ಆ ಕೋಡ್, ಜೊತೆಗೆ ಭಟ್ಟಿಗೆ ರಜೆ ಇರುವ ದಿನ ಬೆಲ್ಟನ್ನು ಸೋಪಿನಲ್ಲಿ ಒಗೆದು ನೋಡುವುದು.