ಮೂರೂವರೆಗೇ ಸಂಜೆ, ಹತ್ತಾದರೂ ಹಗಲು

ಬೆಂಗಳೂರಿನಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ಟುತ್ತಾನೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆರರ ಆಸುಪಾಸು ಬರುತ್ತಾನೆ, ಆರೂವರೆ ಆಸುಪಾಸು ಹೋಗುತ್ತಾನೆ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ನಾನೀಗ ಇರುವ ಅಬರ್ಡೀನ್‌ನಲ್ಲಿ ಆ ವ್ಯತ್ಯಾಸ 11 ಗಂಟೆಗೂ ಜಾಸ್ತಿ. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಊರು ಇದು, 57 ಡಿಗ್ರಿ ಉತ್ತರ ಅಕ್ಷಾಂಶ. ಜೂನ್ 21ಕ್ಕೆ ಬೆಳಗಿನ ಜಾವ 4:12ಕ್ಕೆ ಸೂರ್ಯೋದಯ, ರಾತ್ರಿ 10:08ಕ್ಕೆ ಸೂರ್ಯಾಸ್ತ. ಡಿಸೆಂಬರ್ 21ಕ್ಕೆ ಬೆಳಗ್ಗೆ 8:46ಕ್ಕೆ ಹುಟ್ಟಿ ಮಧ್ಯಾಹ್ನ 3:27ಕ್ಕೆ ಮುಳುಗಿಯೇ ಬಿಡುತ್ತಾನೆ. ಹಾಗಾಗಿ ಇಲ್ಲಿ ಫೋನಿನಲ್ಲಿ ಹವಾಮಾನ ನೋಡುವಾಗ ಮಳೆಯ ಕೆಳಗೆ ಇರುವ ಆ ಎರಡು ಸಮಯಗಳ ಮೇಲೂ ಕಣ್ಣು ಹೋಗುತ್ತದೆ.

ಆದರೆ ಆ ಎರಡು ಸಮಯ ಗೊತ್ತಾದರೆ ಸಾಲದು. ಊರಿನವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ನಮ್ಮಲ್ಲಿ ಸೂರ್ಯ ನೆಟ್ಟಗೆ ಕೆಳಗಿಳಿಯುತ್ತಾನೆ. ಮುಳುಗಿದ ಮೇಲೆ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷಕ್ಕೆಲ್ಲ ಕತ್ತಲು. ಇಲ್ಲಿ ಅವನು ಓರೆಯಾಗಿ, ದಿಗಂತಕ್ಕೆ ಉಜ್ಜಿಕೊಂಡೇ ಇಳಿಯುತ್ತಾನೆ. ಹಾಗಾಗಿ ದೀಪವಿಲ್ಲದೆ ಹೊರಗೆ ಓಡಾಡಬಹುದಾದ ಮಬ್ಬು ಬೆಳಕು ಡಿಸೆಂಬರಿನಲ್ಲೂ ಸುಮಾರು 50 ನಿಮಿಷ ಇರುತ್ತದೆ. ಬೆಳಗ್ಗೆ ಅಷ್ಟು, ಸಂಜೆ ಅಷ್ಟು. ಆರು ಮುಕ್ಕಾಲು ಗಂಟೆ ಹಗಲು ಅಂತ ಕೇಳಿ ಹೆದರುವವರು ಇದನ್ನೂ ಕೂಡಿಸಿಕೊಳ್ಳಬೇಕು. ಆಗ ಎಂಟು ಗಂಟೆ ದಾಟುತ್ತದೆ. ಎಂಟಕ್ಕೆ ಮನೆ ಬಿಟ್ಟರೆ ದಾರಿ ಕಾಣುತ್ತದೆ, ನಾಲ್ಕೂ ಕಾಲರ ನಂತರ ಕಾಣುವುದಿಲ್ಲ. ಸೈಕಲ್ಲಿನವರಿಗೆ ಮಾತ್ರ ಈ ಲೆಕ್ಕಾಚಾರ ನಡೆಯುವುದಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಉರಿಯುತ್ತಿರಲೇಬೇಕು, ಅದು ಕಾನೂನು.

ಇನ್ನೊಂದು, ಎತ್ತರ. ಡಿಸೆಂಬರಿನ ನಡು ಮಧ್ಯಾಹ್ನ ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಕೆಳಗಿನ ಅಂಚು ದಿಗಂತಕ್ಕೆ ತಾಗಿದರೆ ಸೂರ್ಯ ಮೇಲಿನ ಅಂಚಿನ ಹತ್ತಿರ ಇರುತ್ತಾನೆ. ಬರೀ ಒಂಬತ್ತೂವರೆ ಡಿಗ್ರಿ! ಅದಕ್ಕಿಂತ ಮೇಲೆ ಅವತ್ತು ಏರುವುದೇ ಇಲ್ಲ. ಮೂರು ಮಹಡಿಯ ಗ್ರಾನೈಟ್ ಕಟ್ಟಡಗಳ ನಡುವಿನ ಬೀದಿಗೆ ಆ ಬಿಸಿಲು ಇಳಿಯುವುದಿಲ್ಲ. ಎದುರು ಸಾಲಿನ ಮೇಲ್ಮಹಡಿ ಕಿಟಕಿಗಳಷ್ಟೇ ಹೊಳೆಯುತ್ತವೆ. ಡಂಡೀ ಕಡೆಗೆ ಹೋಗುವ ಎ90 ರಸ್ತೆಯಲ್ಲಿ ದಕ್ಷಿಣಕ್ಕೆ ಗಾಡಿ ಓಡಿಸಿದರೆ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ನೇರ ಕಣ್ಣಿಗೆ. ರಸ್ತೆ ಒದ್ದೆಯಾಗಿದ್ದರೆ ಕೆಳಗಿನಿಂದಲೂ ಹೊಡೆಯುತ್ತದೆ. ಚಳಿಗಾಲದಲ್ಲಿ ಕೂಲಿಂಗ್ ಗ್ಲಾಸ್ ಕಾರಿನಲ್ಲೇ ಇಟ್ಟುಕೊಂಡಿರುವವರನ್ನು ನೋಡಿ ನಗಬೇಡಿ.

ಮನೆ ಹುಡುಕುವಾಗಲೂ ಇದೇ ಮಾತು. ನಮ್ಮಲ್ಲಿ ಪೂರ್ವದ ಬಾಗಿಲು ಕೇಳುತ್ತೇವೆ, ಅಲ್ವಾ? ಇಲ್ಲಿನ ಜಾಹೀರಾತುಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಹಾಲ್, ದಕ್ಷಿಣದ ಹಿತ್ತಲು ಅಂತ ಎದ್ದು ಕಾಣುವಂತೆ ಹಾಕುತ್ತಾರೆ. ಯಮನ ದಿಕ್ಕು ಅಂತ ಮೂಗು ಮುರಿಯುವವರು ಒಂದು ಜನವರಿ ಉತ್ತರದ ಕೋಣೆಯಲ್ಲಿ ಕಳೆದು ನೋಡಲಿ.

ದಿಕ್ಕು ಅಂದಾಗ ನೆನಪಾಯಿತು. ಇಲ್ಲಿ ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಮಾತ್ರ. ಜೂನಿನಲ್ಲಿ ಈಶಾನ್ಯದಲ್ಲಿ ಹುಟ್ಟಿ, ಆಕಾಶವನ್ನೆಲ್ಲ ಸುತ್ತಿ ವಾಯವ್ಯದಲ್ಲಿ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಆಗ್ನೇಯದಿಂದ ನೈಋತ್ಯಕ್ಕೆ ಸಣ್ಣ ಕಮಾನು. ಅಬರ್ಡೀನ್‌ನ ಬೀಚ್ ಪೂರ್ವಕ್ಕಿದೆ, ಎದುರಿಗೆ ಉತ್ತರ ಸಮುದ್ರ. ಬೀಚಿನ ರಸ್ತೆಯಲ್ಲಿ ನಿಂತರೆ ಡಿಸೆಂಬರಿನ ಸೂರ್ಯ 1833ರಲ್ಲಿ ಕಟ್ಟಿದ ಗರ್ಡಲ್ ನೆಸ್ ದೀಪಸ್ತಂಭದ ಆಸುಪಾಸಿನಲ್ಲೇ ಮೇಲೇಳುತ್ತಾನೆ. ನಂದಿಬೆಟ್ಟದ ಸೂರ್ಯೋದಯಕ್ಕೆ ನಾಲ್ಕು ಗಂಟೆಗೆ ಎದ್ದು ಹೊರಡುವ ನೀವೆಲ್ಲ ಹೊಟ್ಟೆಕಿಚ್ಚು ಪಡಬೇಕು. ಇಲ್ಲಿ ಕಾಫಿ ಕುಡಿದು, ತಿಂಡಿ ಮುಗಿಸಿ, ನಿಧಾನಕ್ಕೆ ಹೋದರೂ ಸೂರ್ಯೋದಯ ತಪ್ಪುವುದಿಲ್ಲ.

ವರ್ಷದಲ್ಲಿ ನನಗೆ ತುಂಬ ಇಷ್ಟವಾಗುವುದು ಮಾರ್ಚ್. ಆಗ ದಿನಕ್ಕೆ ಹತ್ತಿರ ಹತ್ತಿರ 5 ನಿಮಿಷದಂತೆ ಹಗಲು ಬೆಳೆಯುತ್ತದೆ, ವಾರಕ್ಕೆ ಅರ್ಧ ಗಂಟೆಗೂ ಮೇಲೆ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ದಿನಕ್ಕೆ ಮುಕ್ಕಾಲು ನಿಮಿಷವೂ ತುಂಬುವುದಿಲ್ಲ. ಮೊನ್ನೆ ಕತ್ತಲಲ್ಲಿ ಇಳಿದ ಬಸ್ ಸ್ಟಾಪಿನಲ್ಲಿ ಇವತ್ತು ಬೆಳಕಲ್ಲೇ ಇಳಿಯುತ್ತೀರಿ. ಅಕ್ಟೋಬರಿನಲ್ಲಿ ಅದೇ ವೇಗದಲ್ಲಿ ಕೈಯಿಂದ ಜಾರಿಹೋಗುತ್ತದೆ ಅನ್ನುವುದು ಬೇರೆ ಮಾತು. ಇನ್ನೊಂದು ತಮಾಷೆ ಇದೆ. ಅತಿ ಬೇಗ ಸಂಜೆಯಾಗುವುದು ಡಿಸೆಂಬರ್ 21ಕ್ಕಲ್ಲ, ಅದಕ್ಕೂ ಒಂದು ವಾರ ಮೊದಲೇ. ಅತಿ ತಡವಾಗಿ ಬೆಳಗಾಗುವುದು ತಿಂಗಳ ಕೊನೆಗೆ. ಭೂಮಿಯ ಓರೆ ಮತ್ತು ಅದು ಸುತ್ತುವ ದಾರಿಯ ಮೊಟ್ಟೆಯಾಕಾರ ಸೇರಿ ಗಡಿಯಾರದ ಮಧ್ಯಾಹ್ನಕ್ಕೂ ಸೂರ್ಯನ ಮಧ್ಯಾಹ್ನಕ್ಕೂ ತಾಳ ತಪ್ಪಿಸುತ್ತವೆ. ಊರಲ್ಲಿ ಈ ಅಂತರ ಇನ್ನೂ ಜಾಸ್ತಿ. ಸಂಕ್ರಾಂತಿ ಕಳೆದ ಮೇಲೂ ಬೆಳಕು ಹರಿಯುವುದು ತಡವಾಗುತ್ತಲೇ ಹೋಗುತ್ತದೆ. ಬೆಂಗಳೂರಿನ ಅತಿ ತಡದ ಸೂರ್ಯೋದಯ ಜನವರಿ ಕೊನೆಗೆ ಬರುತ್ತದೆ.

ಇನ್ನು ಗಡಿಯಾರ ತಿರುಗಿಸುವ ಕಥೆ. ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ. ಬ್ರಿಟನ್‌ನಲ್ಲಿ ಇದು ಶುರುವಾದದ್ದು 1916ರಲ್ಲಿ. 1968ರಿಂದ 1971ರವರೆಗೆ ವರ್ಷಪೂರ್ತಿ ಗಡಿಯಾರ ಮುಂದೆಯೇ ಇರಲಿ ಅಂತ ಪ್ರಯೋಗ ಮಾಡಿದ್ದರು. ಲಂಡನ್ನಿನವರಿಗೆ ಸಂಜೆ ಬೆಳಕು ಸಿಕ್ಕಿತು ಸರಿ, ಅಬರ್ಡೀನ್‌ನಲ್ಲಿ ಬೆಳಗಾಗುವಾಗ ಒಂಬತ್ತು ಮುಕ್ಕಾಲು. ಮಕ್ಕಳು ಗಾಢ ಕತ್ತಲಲ್ಲಿ ಸ್ಕೂಲಿಗೆ ಹೋಗಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಜೋರು ವಿರೋಧವಿತ್ತು, ಕೊನೆಗೆ ಕೈಬಿಟ್ಟರು. ಗಡಿಯಾರ ತಿರುಗಿಸುವುದನ್ನೇ ನಿಲ್ಲಿಸಿ ಅನ್ನುವ ಕೂಗು ಈಗಲೂ ಆಗಾಗ ಏಳುತ್ತದೆ. ನನ್ನ ಮತ ಈಗಿನ ಪದ್ಧತಿಗೇ. ಆ ವಾರ ನಿದ್ದೆ ಕೆಡುತ್ತದೆ, ಕೆಡಲಿ.

ನಮ್ಮ ಮನೆಯಲ್ಲಿ ಸೂರ್ಯನ ಸಮಯ ನಿಜವಾಗಿ ಕೈಕೊಡುವುದು ಪಂಚಾಂಗದ ವಿಷಯದಲ್ಲಿ. ರಾಹುಕಾಲ ಒಂದೂವರೆ ಗಂಟೆ ಅಂತ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವೆ. ನಿಜಕ್ಕೂ ಅದು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲಿನ ಎಂಟನೇ ಒಂದು ಪಾಲು. ಹನ್ನೆರಡು ಗಂಟೆ ಹಗಲಾದರೆ ಒಂದೂವರೆ, ಸರಿ. ಇಲ್ಲಿ ಡಿಸೆಂಬರಿನಲ್ಲಿ ಅದು 50 ನಿಮಿಷಕ್ಕೆ ಮುಗಿಯುತ್ತದೆ, ಜೂನಿನಲ್ಲಿ ಎರಡೂ ಕಾಲು ಗಂಟೆ ಎಳೆಯುತ್ತದೆ. ಭಾನುವಾರ ಕೊನೆಯ ಪಾಲು ತಾನೇ? ಡಿಸೆಂಬರಿನ ಭಾನುವಾರ 2:37ರಿಂದ 3:27, ಜೂನಿನ ಭಾನುವಾರ ರಾತ್ರಿ ಎಂಟಕ್ಕೆ ಶುರುವಾಗಿ ಹತ್ತು ದಾಟುವವರೆಗೆ! ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, "ಸುಮ್ನೆ ಏನೇನೋ ಹೇಳ್ಬೇಡ ಕಣೋ, ರಾಹುಕಾಲ ಅಂದ್ರೆ ರಾಹುಕಾಲ" ಅಂದರು. ಊರಿನ ಕ್ಯಾಲೆಂಡರ್ ಗೋಡೆಗೆ ಹಾಕಿಕೊಂಡರೆ ತಿಥಿಯೂ ಒಮ್ಮೊಮ್ಮೆ ಒಂದು ದಿನ ಆಚೀಚೆ ಆಗುತ್ತದೆ. ಸೂರ್ಯೋದಯದ ಹೊತ್ತಿಗೆ ಇರುವ ತಿಥಿಯೇ ಆ ದಿನದ್ದು, ಸೂರ್ಯೋದಯ ಆಯಾ ಊರಿನದು. ಮೊಬೈಲಿನ ಪಂಚಾಂಗದಲ್ಲಿ ಊರು ಬದಲಿಸಿಕೊಂಡರೆ ಕೆಲಸ ಸುಲಭ. ಸಂಕಷ್ಟಿ ಮಾಡುವವರಿಗೆ ಮಾತ್ರ ನನ್ನ ಸಹಾನುಭೂತಿ. ವಸಂತದ ಕೆಲವು ಚೌತಿಗಳಲ್ಲಿ ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಸಂಜೆ ದೀಪದ ಮಟ್ಟಿಗೆ ನನ್ನ ಹೆಂಡತಿ ತೀರ್ಮಾನ ಮಾಡಿಯಾಗಿದೆ. ವರ್ಷಪೂರ್ತಿ ಆರೂವರೆ, ಸೂರ್ಯ ಎಲ್ಲಾದರೂ ಇರಲಿ.

ಬೇಸಿಗೆಯ ತೊಂದರೆ ಯಾರೂ ಹೇಳುವುದಿಲ್ಲ, ಎಲ್ಲರೂ ಚಳಿಗಾಲದ್ದೇ ಹೇಳುತ್ತಾರೆ. ಜೂನಿನಲ್ಲಿ ನಡುರಾತ್ರಿಯೂ ಸೂರ್ಯ ದಿಗಂತದಿಂದ ಒಂಬತ್ತೂವರೆ ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಉತ್ತರದ ಅಂಚಿನಲ್ಲಿ ಒಂದು ನೀಲಿ ಪಟ್ಟಿ ಬೆಳಗಿನವರೆಗೂ ಹಾಗೇ ಇರುತ್ತದೆ. ಸಣ್ಣ ನಕ್ಷತ್ರಗಳು ಕಾಣುವುದಿಲ್ಲ. ಮಕ್ಕಳು ಒಂಬತ್ತೂವರೆಗೆ ಹುಲ್ಲಿನ ಮೇಲೆ ಫುಟ್‌ಬಾಲ್ ಆಡುತ್ತಿದ್ದರೆ ನಮ್ಮ ಮಗಳನ್ನು ಮಲಗಿಸುವುದು ಹೇಗೆ? ಕಪ್ಪು ಅಸ್ತರಿನ ದಪ್ಪ ಪರದೆ ಬೇಕೇ ಬೇಕು. ಅದರ ಬದಿಯ ಸಂದಿಯಿಂದ ನಾಲ್ಕೂವರೆಗೆ ಗೋಡೆಯ ಮೇಲೆ ಒಂದು ಬೆಳಕಿನ ಗೆರೆ ಬೀಳುತ್ತದೆ, ಅವಳು ಎದ್ದು ಕೂರುತ್ತಾಳೆ. ಇಷ್ಟೆಲ್ಲ ಹಗಲಿದ್ದರೂ ಬಿಸಿಲು ಇರಲೇಬೇಕೆಂದಿಲ್ಲ. ಸಮುದ್ರದಿಂದ ಹಾರ್ ಅನ್ನುವ ಮಂಜು ಒಳಗೆ ಬಂತೆಂದರೆ ಬೀಚ್ ಕಡೆಯೆಲ್ಲ ಬೂದಿ ಬಣ್ಣ. ಕೆಲವೇ ಮೈಲಿ ಒಳನಾಡಿಗೆ ಹೋದರೆ ಅಲ್ಲಿ ಜನ ಟೀ ಶರ್ಟಿನಲ್ಲಿ ಓಡಾಡುತ್ತಿರುತ್ತಾರೆ.

ಬರುವವರಿಗೆ ಒಂದು ಮಾತು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ಬಿಸಿಲಿನಿಂದ ಮೈಗೆ ವಿಟಮಿನ್ ಡಿ ಸಾಕಷ್ಟು ಸಿಗುವುದಿಲ್ಲ. ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಿ ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ನಮ್ಮಂಥ ಕಂದು ಚರ್ಮದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು ಅನ್ನುವುದೂ ಅದೇ ಸಲಹೆಯಲ್ಲಿದೆ. ಅಪ್ಪ ಅಮ್ಮನನ್ನು ಕರೆಸುವುದಾದರೆ ಮೇ ಮಧ್ಯ ಒಳ್ಳೆಯ ಸಮಯ. ಬೆಳಗ್ಗೆ ಐದರ ಒಳಗೆ ಬೆಳಕು, ರಾತ್ರಿ ಒಂಬತ್ತರ ನಂತರವೂ ಬಿಸಿಲು. ಊಟ ಮುಗಿಸಿ ವಾಕಿಂಗ್ ಹೋಗಬಹುದು. ಸ್ವೆಟರ್ ಮಾತ್ರ ಮರೆಯದೆ ತರಲಿ.