‘ಧೈರ್ಯ ತುಂಬಲಾಯಿತು’ ಅಂತ ಬರೆದರೆ ಸಾಕಾ?

ಫೀಲ್ಡ್‌ವರ್ಕ್‌ನಿಂದ ಬರುವ ಕೌನ್ಸೆಲಿಂಗ್ ನೋಟ್‌ಗಳಲ್ಲಿ ಈ ಸಾಲುಗಳು ಇದ್ದೇ ಇರುತ್ತವೆ. ‘ಕ್ಲೈಂಟ್ ತಮ್ಮ ಸಮಸ್ಯೆ ಹೇಳಿಕೊಂಡು ಭಾವುಕರಾದರು. ಅವರಿಗೆ ಧೈರ್ಯ ತುಂಬಲಾಯಿತು. ಸೆಷನ್ ಚೆನ್ನಾಗಿತ್ತು.’ ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವ ಮಕ್ಕಳಿಗೆ ಕೌನ್ಸೆಲಿಂಗ್ ಕಲಿಸುತ್ತೇನೆ. ಈ ಮೂರು ವಾಕ್ಯ ನನಗೆ ಬಾಯಿಪಾಠ ಆಗಿಬಿಟ್ಟಿವೆ. ಹೀಗೆ ಬರೆದವರು ಸೋಮಾರಿಗಳಲ್ಲ. ಮುಕ್ಕಾಲು ಗಂಟೆ ಎದುರಿಗೆ ಕೂತು, ಮನಸ್ಸಿಟ್ಟು ಕೇಳಿ ಬಂದವರು. ಆದರೆ ಕೇಳಿದ್ದರಲ್ಲಿ ಒಂದು ಮಾತೂ ಕಾಗದದ ಮೇಲೆ ಇರುವುದಿಲ್ಲ.

ಸೆಮಿಸ್ಟರ್ ಮುಗಿದ ಮೇಲೆ ಈ ಮಕ್ಕಳು ಬೇರೆ ಕಡೆ ಹೋಗುತ್ತಾರೆ. ಕ್ಲೈಂಟ್ ಅಲ್ಲೇ ಇರುತ್ತಾರೆ. ಆಮೇಲೆ ಬರುವ ಹುಡುಗಿಯ ಕೈಗೆ ಸಿಗುವುದು ಆ ಫೈಲ್ ಒಂದೇ. ‘ಭಾವುಕರಾದರು’ ಅಂತ ಓದಿ ಅವಳು ಏನು ಮಾಡಬೇಕು? ಯಾವ ಮಾತಿಗೆ ಅತ್ತರು? ಅತ್ತ ಮೇಲೆ ಏನು ಹೇಳಿದರು? ಮುಂದಿನ ವಾರಕ್ಕೆ ಏನು ಮಾಡೋಣ ಅಂತ ಮಾತಾಯಿತು? ಒಂದೂ ಗೊತ್ತಿಲ್ಲದಿದ್ದರೆ ಮತ್ತೆ ಮೊದಲಿನಿಂದ ಕೇಳಬೇಕು. ನೊಂದವರ ಬಾಯಿಂದ ಅದೇ ಕಥೆಯನ್ನು ಪ್ರತಿ ಹೊಸ ಮುಖದ ಮುಂದೆ ಹೇಳಿಸುವುದು ನನಗೆ ಒಪ್ಪಿಗೆ ಇಲ್ಲ. ಅವರ ಮೇಲೆ ನಾವು ಹೊರಿಸುವ ಎರಡನೇ ಭಾರ ಅದು.

ಅದಕ್ಕೇ ನಾನು ನೋಟ್ ಬರೆಯುವುದನ್ನು ಮೊದಲು ಕಲಿಸುವುದಿಲ್ಲ. ಓದುವುದನ್ನು ಕಲಿಸುತ್ತೇನೆ.

ಅಭ್ಯಾಸಕ್ಕೆ ಒಂದು ಕೇಸು ಕಟ್ಟಿದ್ದೇನೆ. ಅದು ಯಾರ ಕಥೆಯೂ ಅಲ್ಲ, ಆದರೆ ಧಾರವಾಡದಲ್ಲಿ ಇರುವವರಿಗೆಲ್ಲ ಗುರುತು ಸಿಗುವಂಥದ್ದು. ಹಾವೇರಿ ಕಡೆಯ ಹಳ್ಳಿಯ ಹುಡುಗ, ವಯಸ್ಸು 27. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಕೆಎಎಸ್, ಪಿಎಸ್ಐ, ಎಫ್‌ಡಿಎ, ಯಾವುದು ಕರೆದರೂ ಅರ್ಜಿ ಹಾಕುತ್ತಾನೆ. ಲೈಬ್ರರಿಯಲ್ಲಿ ಬೆಳಿಗ್ಗೆ ಕೂತರೆ ರಾತ್ರಿ ಏಳುತ್ತಾನೆ. ಈ ವರ್ಷ ಪಂಚಮಿಗೆ ಊರಿಗೆ ಹೋಗಲಿಲ್ಲ. ನಿದ್ದೆ ಇಲ್ಲ. ಕ್ಲಾಸಿನ ಒಬ್ಬ ಹುಡುಗ ಕ್ಲೈಂಟ್ ಪಾತ್ರ ಮಾಡುತ್ತಾನೆ, ಇನ್ನೊಬ್ಬಳು ಕೌನ್ಸೆಲರ್.

ಇದೇ ಕೇಸಿನ ನಾಲ್ಕು ಸೆಷನ್‌ಗಳಿಗೆ ಎರಡು ಥರದ ನೋಟ್ ಬರೆದು ಇಟ್ಟುಕೊಂಡಿದ್ದೇನೆ. ತಾರೀಖು ತೆಗೆದು, ಹಾಳೆ ಕಲಸಿ, ಗುಂಪಿಗೆ ಒಂದೊಂದು ಕಟ್ಟು ಕೊಡುತ್ತೇನೆ. ‘ಇವನ್ನು ಸರಿಯಾದ ಕ್ರಮಕ್ಕೆ ಜೋಡಿಸಿ’ ಅನ್ನುತ್ತೇನೆ. ಒಂದು ಕಟ್ಟಿನಲ್ಲಿ ನಾಲ್ಕೂ ಹಾಳೆ ‘ಭಾವುಕರಾದರು, ಧೈರ್ಯ ತುಂಬಲಾಯಿತು’. ಯಾವುದನ್ನು ಎಲ್ಲಿ ಇಟ್ಟರೂ ನಡೆಯುತ್ತದೆ. ಇನ್ನೊಂದು ಕಟ್ಟಿನಲ್ಲಿ ಒಂದು ಹಾಳೆ ‘ರಾತ್ರಿ ಎರಡರ ತನಕ ಫೋನ್ ನೋಡುತ್ತಾರೆ’ ಅನ್ನುತ್ತದೆ. ಮತ್ತೊಂದು ‘ಹನ್ನೊಂದಕ್ಕೆ ಫೋನನ್ನು ರೂಮ್‌ಮೇಟ್ ಕೈಗೆ ಕೊಡುವುದು ಅಂತ ತಾವೇ ಗೊತ್ತು ಮಾಡಿಕೊಂಡರು’ ಅನ್ನುತ್ತದೆ. ಮೂರನೆಯದು ‘ವಾರದಲ್ಲಿ ನಾಲ್ಕು ದಿನ ಕೊಟ್ಟರು, ಮೂರು ದಿನ ಆಗಲಿಲ್ಲ’. ಮಕ್ಕಳು ಹತ್ತು ನಿಮಿಷದಲ್ಲಿ ಜೋಡಿಸುತ್ತಾರೆ. ಪ್ರಗತಿ ಟಿಪ್ಪಣಿ ಅಂದರೆ ಏನು ಅಂತ ಅಲ್ಲಿಂದ ಮುಂದೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ.

ಆಮೇಲೆ ಮೂರು ಬಣ್ಣದ ಪೆನ್ನು. ಕ್ಲೈಂಟ್ ಹೇಳಿದ್ದರ ಕೆಳಗೆ ನೀಲಿ ಗೆರೆ. ನೀವು ಕಣ್ಣಾರೆ ಕಂಡದ್ದರ ಕೆಳಗೆ ಹಸಿರು. ನೀವು ಊಹಿಸಿದ್ದಕ್ಕೆ ಕೆಂಪು. ಕ್ಲಾಸಿನಲ್ಲಿ ಜಗಳ ಶುರುವಾಗುವುದೇ ಇಲ್ಲಿ. ‘ಕ್ಲೈಂಟ್ ನಿರಾಸೆಯಲ್ಲಿದ್ದರು’ ಅನ್ನುವುದಕ್ಕೆ ಒಬ್ಬಳು ಹಸಿರು ಎಳೆದಿರುತ್ತಾಳೆ. ‘ಕಂಡಿತ್ತಲ್ರಿ ಮೇಡಂ’ ಅನ್ನುತ್ತಾಳೆ. ಏನು ಕಂಡಿತ್ತು? ತಲೆ ತಗ್ಗಿಸಿ ಕೂತಿದ್ದ. ದನಿ ಸಣ್ಣದಾಗಿತ್ತು. ಪ್ರಶ್ನೆ ಕೇಳಿದರೆ ಬಹಳ ಹೊತ್ತು ಸುಮ್ಮನಿರುತ್ತಿದ್ದ. ಹಾಗಾದರೆ ಅದನ್ನು ಬರೆ. ನಿರಾಸೆ ಅನ್ನುವುದು ನಿನ್ನ ತೀರ್ಮಾನ, ಅದಕ್ಕೂ ಜಾಗ ಇದೆ, ಕೆಳಗೆ ಬರುತ್ತದೆ.

ಆ ಜಾಗ ಮಾಡಿಕೊಟ್ಟವರು ಲಾರೆನ್ಸ್ ವೀಡ್ ಅನ್ನುವ ಅಮೆರಿಕದ ವೈದ್ಯರು. ರೋಗಿಗಳ ದಾಖಲೆ ಹೇಗಿರಬೇಕು ಅಂತ 1968ರಲ್ಲಿ ಅವರು ಬರೆದ ಲೇಖನ ಇವತ್ತಿಗೂ ಹೆಸರಾಗಿದೆ. ನಾವು ‘ಸೋಪ್ ನೋಟ್’ ಅನ್ನುವುದು ಅವರ ಪದ್ಧತಿಯಿಂದ ಬಂದದ್ದು. ನಾಲ್ಕು ಭಾಗ, ಅವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸೇರಿ ‘ಸೋಪ್’. ಕ್ಲೈಂಟ್ ಹೇಳಿದ್ದು, ನಾವು ಕಂಡದ್ದು ಅಥವಾ ಅಳೆದದ್ದು, ನಮಗೆ ಅನಿಸಿದ್ದು, ಮುಂದೆ ಮಾಡುವುದು. ‘ಡ್ಯಾಪ್’ ಅಂತ ಇನ್ನೊಂದಿದೆ. ಅದರಲ್ಲಿ ಮೊದಲ ಎರಡು ಭಾಗ ಕೂಡಿಸಿ ಒಂದೇ ಮಾಡುತ್ತಾರೆ. ಬರೆಯಲು ಸುಲಭ, ಬಹಳ ಕೌನ್ಸೆಲರ್‌ಗಳು ಅದನ್ನೇ ಬಳಸುತ್ತಾರೆ. ಆದರೂ ಹೊಸಬರಿಗೆ ನಾನು ಸೋಪ್ ಹಿಡಿಸುತ್ತೇನೆ. ಹೇಳಿದ್ದು ಬೇರೆ, ಕಂಡದ್ದು ಬೇರೆ ಅಂತ ಕೈಗೆ ರೂಢಿ ಆಗಬೇಕು. ಆದ ಮೇಲೆ ಯಾವುದರಲ್ಲಿ ಬರೆದರೂ ನನ್ನ ತಕರಾರಿಲ್ಲ.

ನಮ್ಮ ಹಾವೇರಿ ಹುಡುಗನ ನೋಟ್ ಕ್ಲಾಸಿನಲ್ಲಿ ತಿದ್ದಿ ತಿದ್ದಿ ಹೀಗೆ ಬಂತು.

‘ಹೇಳಿದ್ದು: “ಅಪ್ಪ ಫೋನ್ ಮಾಡಿದ್ರ ಎತ್ತಾಕ ಧೈರ್ಯ ಸಾಲಂಗಿಲ್ರಿ.” ಪಂಚಮಿಗೆ ಊರಿಗೆ ಹೋಗಲಿಲ್ಲ. ಎರಡು ವಾರದಿಂದ ನಿದ್ದೆ ಸರಿ ಇಲ್ಲ, ರಾತ್ರಿ ಎರಡರ ತನಕ ಎಚ್ಚರ. ಮಧ್ಯಾಹ್ನದ ಊಟ ಬಿಡುತ್ತಿದ್ದಾರೆ. ಕಂಡದ್ದು: ಇಪ್ಪತ್ತು ನಿಮಿಷ ತಡವಾಗಿ ಬಂದರು. ತಂದೆಯ ಮಾತು ಬಂದಾಗ ಅತ್ತರು. ಪಿಎಚ್‌ಕ್ಯೂ-9 ಅಂಕ 13. ಅನಿಸಿದ್ದು: ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣಗಳು ಇರಬಹುದು. ತಂದೆಯ ಒತ್ತಡ ಮುಖ್ಯ ಕಾರಣ ಅನಿಸುತ್ತದೆ. ಮುಂದೆ: ಮಲಗುವ ಸಮಯ ಬರೆದಿಡುತ್ತಾರೆ. ಮುಂದಿನ ವಾರ ಅಂಕ ಮತ್ತೆ ನೋಡುವುದು. ಡಿಮ್ಹಾನ್ಸ್ ಒಪಿಡಿಗೆ ಹೋಗುವ ಬಗ್ಗೆ ಮಾತಾಡಿದೆವು, ಯೋಚಿಸಿ ಹೇಳುತ್ತೇನೆ ಅಂದರು.’

ಪಿಎಚ್‌ಕ್ಯೂ-9 ಅಂದರೆ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತರಿಂದ ಹದಿನಾಲ್ಕು ಬಂದರೆ ಮಧ್ಯಮ ಅನ್ನುತ್ತಾರೆ. ಅದು ರೋಗ ನಿರ್ಣಯ ಅಲ್ಲ, ಅದಕ್ಕೇ ‘ಇರಬಹುದು’ ಅಂತ ಬರೆಸಿದ್ದು. ರೋಗದ ಹೆಸರು ಹೇಳುವುದು ವಿದ್ಯಾರ್ಥಿಯ ಕೆಲಸ ಅಲ್ಲ. ಊರಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಅಲ್ಲಿ ಸೈಕಿಯಾಟ್ರಿಸ್ಟ್‌ಗಳು ಇದ್ದಾರೆ.

ಒಟ್ಟು ಅಂಕ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ ಅಂತ ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ಆರೇ ಇರಲಿ, ಅಲ್ಲಿ ಒಂದು ಬಿದ್ದಿದ್ದರೆ ಅವತ್ತಿನ ಸೆಷನ್ ಅದರ ಮೇಲೆಯೇ. ಮಕ್ಕಳು ಇದನ್ನು ಕೇಳಲು ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅಂತ ಅವರ ಭಯ. ಹಾಗೆ ಆಗುವುದಿಲ್ಲ, ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ನೇರವಾಗಿ ಕೇಳಿದರೆ ಎಷ್ಟೋ ಜನರಿಗೆ ಹಗುರ ಆಗುತ್ತದೆ. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ.

ಬರೆಯುವಾಗ ‘ಆತ್ಮಹತ್ಯೆಯ ಯೋಚನೆ ಇಲ್ಲ’ ಅಂತ ಒಂದೇ ಸಾಲು ನಾನು ಒಪ್ಪುವುದಿಲ್ಲ. ಏನು ಕೇಳಿದಿರಿ? ಅವರ ಮಾತಲ್ಲೇ ಏನು ಉತ್ತರ ಬಂತು? ಹೇಗೆ ಅಂತ ಯೋಚಿಸಿದ್ದಾರಾ, ಸಾಧನ ಕೈಗೆ ಸಿಗುವ ಹಾಗಿದೆಯಾ, ಹಿಂದೆ ಯಾವಾಗಾದರೂ ಪ್ರಯತ್ನ ಆಗಿತ್ತಾ, ಅವರನ್ನು ಹಿಡಿದು ನಿಲ್ಲಿಸುವವರು ಯಾರು? ನೀವು ಏನು ಮಾಡಿದಿರಿ, ಯಾರಿಗೆ ಎಷ್ಟು ಗಂಟೆಗೆ ಹೇಳಿದಿರಿ? ಹಳ್ಳಿಯ ಮನೆ ಅಂದರೆ ಕೀಟನಾಶಕ ಎಲ್ಲಿ ಇಡುತ್ತಾರೆ ಅಂತಲೂ ಕೇಳಬೇಕು, ಬರೆಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಕೊಟ್ಟಿದ್ದರೆ ಅದನ್ನೂ. ಆ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಉಳಿದ ವಿಷಯಗಳಲ್ಲಿ ನೋಟ್ ಗಿಡ್ಡ ಇದ್ದರೆ ನನಗೆ ಸಂತೋಷ. ಇದೊಂದರಲ್ಲಿ ಪುಟ ತುಂಬಿದರೂ ಪರವಾಗಿಲ್ಲ.

ಈಗ ಹಾವೇರಿ ಹುಡುಗನ ನೋಟಿನ ಮೂರನೆಯ ಭಾಗಕ್ಕೆ, ‘ಅನಿಸಿದ್ದು’ ಅನ್ನುವುದಕ್ಕೆ, ಬರುತ್ತೇನೆ. ಬರೆದಾದ ಮೇಲೆ ಕ್ಲೈಂಟ್ ಪಾತ್ರ ಮಾಡಿದ ಹುಡುಗನ ಮುಂದೆಯೇ ನೋಟ್ ಓದಿಸುವುದು ನನ್ನ ಪದ್ಧತಿ. ಇದಕ್ಕೆ ಆಧಾರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಪಡೆಯುವವರಿಗೆ ತಮ್ಮ ಪ್ರಾಥಮಿಕ ವೈದ್ಯಕೀಯ ದಾಖಲೆ ನೋಡುವ ಹಕ್ಕಿದೆ. ಇವತ್ತಲ್ಲ ನಾಳೆ ಅವರು ಓದಬಹುದು ಅಂತ ಗೊತ್ತಿದ್ದರೆ ಬರೆಯುವ ಕೈ ತಾನಾಗಿ ನೆಟ್ಟಗಾಗುತ್ತದೆ. ‘ಹಟಮಾರಿ’, ‘ಗಮನ ಸೆಳೆಯಲು ಅಳುತ್ತಾರೆ’ ಅನ್ನುವಂಥವು ಅಲ್ಲೇ ಉದುರುತ್ತವೆ.

ಹುಡುಗ ಪೂರ್ತಿ ಕೇಳಿಸಿಕೊಂಡ. ‘ತಂದೆಯ ಒತ್ತಡ ಮುಖ್ಯ ಕಾರಣ’ ಅನ್ನುವಲ್ಲಿ ಕೈ ಎತ್ತಿದ. ‘ಮೇಡಂ, ಅಪ್ಪ ಒತ್ತಡ ಹಾಕ್ತಾರ ಅಂತ ನಾ ಎಲ್ಲಿ ಹೇಳೇನ್ರಿ? ಅವರು ಏನೂ ಅಂದೇ ಇಲ್ಲ. ರೊಕ್ಕ ಹಾಕೇನಿ, ಚಲೋ ಊಟ ಮಾಡು ಅಂತಾರ ಅಷ್ಟ. ಅದೇ ನನಗ ತ್ರಾಸು.’ ಕೌನ್ಸೆಲರ್ ಆಗಿದ್ದ ಹುಡುಗಿ ತನ್ನ ಹಾಳೆ ನೋಡಿಕೊಂಡಳು. ನೀಲಿ ಗೆರೆಯ ಸಾಲುಗಳಲ್ಲಿ ಒತ್ತಡ ಅನ್ನುವ ಮಾತೇ ಇರಲಿಲ್ಲ. ಫೋನ್ ಎತ್ತುವುದಿಲ್ಲ ಅಂದರೆ ಅಪ್ಪ ಬೈಯುತ್ತಾರೆ ಅಂತ ಅವಳೇ ಸೇರಿಸಿಕೊಂಡಿದ್ದಳು, ಇಡೀ ಕ್ಲಾಸೂ ಒಪ್ಪಿತ್ತು. ಒಪ್ಪಿದ್ದಕ್ಕೆ ಮುಂದಿನ ದಾರಿಯೂ ತಪ್ಪಾಗುತ್ತಿತ್ತು. ಬೈಯುವ ತಂದೆಯನ್ನು ಕರೆಸಿ ಮಾತಾಡಬೇಕು ಅಂತ ಯಾರೋ ಆಗಲೇ ಹೇಳಿದ್ದರು. ಬೈಯದ ತಂದೆಯ ಮಗನಿಗೆ ಬೇಕಾದದ್ದು ಬೇರೆ. ತಾನು ಸಾಲ ಹೊತ್ತವನು ಅನ್ನುವ ಅವನ ಲೆಕ್ಕದ ಬಗ್ಗೆ ಅವನ ಜೊತೆ ಕೂತು ಮಾತಾಡಬೇಕು. ಅನಿಸಿಕೆಯ ಪ್ರತಿ ಸಾಲಿಗೂ ಮೇಲಿನ ಎರಡು ಭಾಗದಲ್ಲಿ ಬೇರು ಇದೆಯಾ ಅಂತ ಬೆರಳಿಟ್ಟು ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ. ನೋಟ್ ವಿಶ್ಲೇಷಣೆ ಅಂದರೆ ನನ್ನ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಈ ಕೆಲಸವೇ.

ಏನು ಬರೆಯಬಾರದು ಅನ್ನುವುದೂ ಇದೆ. ನಮ್ಮ ಊರುಗಳು ಸಣ್ಣವು. ರೂಮಿನ ಮಾಲೀಕರು ಕ್ಲೈಂಟ್‌ನ ಸೋದರಮಾವನಿಗೆ ಬೀಗರಾಗಿರುತ್ತಾರೆ. ರೂಮ್‌ಮೇಟ್ ಹೆಸರು, ಅವನ ಪ್ರೀತಿಯ ಕಥೆ, ಯಾರೋ ಮೇಷ್ಟ್ರ ಬಗ್ಗೆ ಆಡಿದ ಮಾತು, ಇವಕ್ಕೆ ಫೈಲಿನಲ್ಲಿ ಕೆಲಸ ಇಲ್ಲ. ‘ರೂಮ್‌ಮೇಟ್’ ಅಂದರೆ ಸಾಕು. ನಿಮಗೆ ಆ ಸೆಷನ್‌ನಲ್ಲಿ ಏನನಿಸಿತು, ನಿಮ್ಮ ಅಣ್ಣನ ನೆನಪಾಯಿತು ಅನ್ನುವುದು ಸೂಪರ್‌ವಿಷನ್‌ನಲ್ಲಿ, ಅಂದರೆ ಕಲಿಸುವವರ ಜೊತೆ ಕೂತು ಕೇಸು ಮಾತಾಡುವಾಗ, ಹೇಳುವ ವಿಷಯ. ಅದನ್ನು ಹೇಳಲೇಬೇಕು, ಆದರೆ ಕ್ಲೈಂಟ್‌ನ ಫೈಲಿನಲ್ಲಿ ಅಲ್ಲ. ನೋಟಿನ ಫೋಟೋ ಹೊಡೆದು ‘ಮೇಡಂ, ಸರಿ ಐತೇನ್ರಿ?’ ಅಂತ ವಾಟ್ಸ್ಆ್ಯಪ್ ಕಳಿಸುವುದನ್ನು ಪೂರಾ ನಿಲ್ಲಿಸಿದ್ದೇನೆ. ಹುಬ್ಬಳ್ಳಿಯಲ್ಲಿ ಫೀಲ್ಡ್‌ವರ್ಕ್ ಮುಗಿಸಿ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಕೇಸು ಚರ್ಚೆ ಮಾಡುವುದನ್ನೂ. ಪಕ್ಕದಲ್ಲಿ ನಿಂತವರು ಯಾರ ಅತ್ತೆಯೋ! ಗೋಪ್ಯತೆಯ ಮಾತು ಅದೇ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ, ಜೀವಕ್ಕೆ ಅಪಾಯ ಇದ್ದಾಗ ಹೇಳಬಹುದು ಅನ್ನುವ ವಿನಾಯಿತಿಯೂ ಅಲ್ಲೇ ಇದೆ.

ಶಾಲೆಗಳಿಗೆ ಹೋಗುವ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ. 18ರೊಳಗಿನ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಯಾರಿಗೂ ಹೇಳಲ್ಲ’ ಅಂತ ಮೊದಲೇ ಮಾತು ಕೊಡಬೇಡಿ. ಮಗು ಹೇಳಿದ್ದನ್ನು ಅದರ ಮಾತಲ್ಲೇ, ಸಮಯದ ಸಮೇತ ಬರೆಯಿರಿ. ಕೆದಕಿ ಕೆದಕಿ ಕೇಳಬೇಡಿ. ತಕ್ಷಣ ನನಗೆ ಫೋನ್ ಮಾಡಿ.

ಭಾಷೆ ಕನ್ನಡವೋ ಇಂಗ್ಲಿಷೋ ಅಂತ ಕೇಳುತ್ತಾರೆ. ಸಂಸ್ಥೆಯವರು ಯಾವುದು ಕೇಳುತ್ತಾರೋ ಅದು. ಕ್ಲೈಂಟ್‌ನ ಮಾತು ಮಾತ್ರ ಅವರು ಆಡಿದ ಹಾಗೆಯೇ ಇರಲಿ. ಬರೆದದ್ದು ತಪ್ಪಾದರೆ ವೈಟ್ನರ್ ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು, ಸಹಿ.

ಕೊನೆಗೆ ಒಂದು ಮಾತು, ನನ್ನ ಹಾಗೆ ಕಲಿಸುವವರಿಗೆ. ಮಕ್ಕಳನ್ನು ಒಂದರ ಹಿಂದೆ ಒಂದು ಮೂರು ನಾಲ್ಕು ಸೆಷನ್‌ಗೆ ಕೂರಿಸಿ, ನೋಟ್ ರೂಮಿಗೆ ಹೋಗಿ ಬರೆಯಿರಿ ಅನ್ನುತ್ತೇವೆ. ರಾತ್ರಿ ಹಾಸ್ಟೆಲ್ಲಿನಲ್ಲಿ ಊಟ ಆದ ಮೇಲೆ ಬರೆಯಲು ಕೂತರೆ ಮೂರು ಜನರ ಮಾತೂ ಒಂದರಲ್ಲಿ ಒಂದು ಸೇರಿರುತ್ತದೆ. ‘ಭಾವುಕರಾದರು’ ಹುಟ್ಟುವುದು ಅಲ್ಲೇ. ಬರುವ ಸೆಮಿಸ್ಟರ್‌ನ ಫೀಲ್ಡ್‌ವರ್ಕ್ ವೇಳಾಪಟ್ಟಿಯಲ್ಲಿ ಪ್ರತಿ ಸೆಷನ್ ಆದ ಮೇಲೆ ಹದಿನೈದು ನಿಮಿಷ ಖಾಲಿ ಬಿಡಿಸಿ. ಒಂದು ಮೇಜು, ಕೀಲಿ ಹಾಕುವ ಒಂದು ಕಪಾಟು ಕೊಡಿಸಿ. ವಿಭಾಗದ ಮೀಟಿಂಗಿನಲ್ಲಿ ನಾನು ಇದನ್ನು ಕೇಳುವವಳಿದ್ದೇನೆ, ನೀವೂ ಕೇಳಿ.