ಕಾವೇರಿ ಸುದ್ದಿ ಶೀಟ್: ಇಲ್ಲಿವರೆಗೆ ಎಲ್ಲಿಗೆ ಬಂತು

ಕಾವೇರಿ ಗಲಾಟೆ ಆದ ವರ್ಷಗಳ ಪೇಪರ್ ಕಟಿಂಗ್ ಎಲ್ಲ ಎಕ್ಸೆಲ್‌ಗೆ ಹಾಕಿ ಯಾವ ವರದಿನ ಎಷ್ಟು ನಂಬಬಹುದು ಅಂತ ನೋಡ್ತಿದೀನಲ್ಲ, ಅದ್ರಲ್ಲಿ 2023ರ ಸೆಪ್ಟೆಂಬರ್ ಮುಗೀತು, 2018ರ ಸುಪ್ರೀಂ ಕೋರ್ಟ್ ತೀರ್ಪಿನ ವಾರನೂ ಮುಗೀತು. 2016 ಅರ್ಧಕ್ಕೆ ನಿಂತಿದೆ.

ಕಾಲಂ ಈಗ ನಾಲ್ಕೇ. ಅಂಕಿ ಕೊಟ್ಟಿದ್ಯಾರು, ನೀರು ಅಳೆದಿದ್ದು ಎಲ್ಲಿ, ವರದಿಗಾರರು ಆದೇಶದ ಪ್ರತಿ ಓದಿ ಬರ್ದಿದಾರಾ ಇಲ್ಲ ಯಾರೋ ಹೇಳಿದ್ದಾ, ಆ ಕಡೆಯವರ ವಾದ ಒಂದು ಸಾಲಾದ್ರೂ ಇದೆಯಾ. ಭಾಷೆ ಕೆರಳಿಸೋ ಹಾಗಿದೆಯಾ ಅಂತ ಇನ್ನೊಂದಿತ್ತು, ತೆಗೆದ್ಬಿಟ್ಟೆ, ಯಾಕಂದ್ರೆ ತಣ್ಣಗೆ ಬರೆದ ವರದೀಲೂ ಯಾರು ಕೊಟ್ರು ಅಂತ ಗೊತ್ತಿಲ್ಲದ ಅಂಕಿ ಆರಾಮಾಗಿ ಕೂತಿರುತ್ತೆ.

ಜಾಸ್ತಿ ಟೈಮ್ ಹಿಡಿದಿದ್ದು ಎರಡನೇ ಕಾಲಂ. 2023ರಲ್ಲಿ ತಮಿಳುನಾಡಿಗೆ 15 ದಿನ 5000 ಕ್ಯೂಸೆಕ್ ಬಿಡಿ ಅಂತ ಕಾವೇರಿ ನೀರು ನಿಯಂತ್ರಣ ಸಮಿತಿ ಶಿಫಾರಸು ಮಾಡ್ತು, ಅದರ ಮೇಲಿರೋ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಅದನ್ನ ಎತ್ತಿಹಿಡೀತು, ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟ್ ನಾವು ಮಧ್ಯ ಬರಲ್ಲ ಅಂತು. ಆ 5000 ಲೆಕ್ಕ ಆಗೋದು ತಮಿಳುನಾಡು ಗಡಿ ಹತ್ರ ನೀರು ಅಳೆಯೋ ಜಾಗ ಬಿಳಿಗುಂಡ್ಲುವಿನಲ್ಲಿ, ಕೆಆರ್‌ಎಸ್ ಗೇಟ್ ಹತ್ರ ಅಲ್ಲ. ಬಿಳಿಗುಂಡ್ಲುಗೆ ಹೋಗೋ ನೀರಲ್ಲಿ ಕಬಿನಿದೂ ಇರುತ್ತೆ, ಡ್ಯಾಮ್ ಕೆಳಗಡೆ ಮಳೆ ಬಿದ್ದು ಹರಿದು ಬಂದಿದ್ದೂ ಇರುತ್ತೆ. ಇದನ್ನ ಬಿಟ್ಟು ಕೆಆರ್‌ಎಸ್‌ನಿಂದ 5000 ಅಂತ ಬರೆದ್ರೆ ಮಂಡ್ಯದ ರೈತ ತನ್ನ ನಾಲೆಗೆ ಎಷ್ಟು ಉಳಿಯುತ್ತೆ ಅಂತ ಹಾಕೋ ಲೆಕ್ಕನೇ ತಪ್ಪೋಗುತ್ತೆ. ಇನ್ನು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಹಂಗಾಗಿ 15 ದಿನಕ್ಕೆ 6.48 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ಆಗುತ್ತೆ, ಕೆಆರ್‌ಎಸ್ ತುಂಬಿದ್ರೆ ಹಿಡಿಯೋದು 49.45 ಟಿಎಂಸಿ. ಹೀಗೆ ಟಿಎಂಸಿಗೆ ತಿರುಗಿಸಿ ಪಕ್ಕಕ್ಕಿಟ್ಟು ತೋರಿಸಿದ ವರದಿ ತುಂಬಾ ಕಮ್ಮಿ, ಸಿಕ್ಕಿದ್ದಕ್ಕೆಲ್ಲ ಪೂರ್ತಿ ಮಾರ್ಕ್ಸ್ ಕೊಟ್ಟಿದೀನಿ.

2018 ಬೇರೆ ಥರ. ಫೆಬ್ರವರಿ 16ರ ತೀರ್ಪಲ್ಲಿ ತಮಿಳುನಾಡಿಗೆ ನಾವು ಬಿಡ್ಬೇಕಿದ್ದ ನೀರು 192ರಿಂದ 177.25 ಟಿಎಂಸಿಗೆ ಇಳೀತು, ನಮಗೆ 14.75 ಜಾಸ್ತಿ ಆಯ್ತು, ಅದ್ರಲ್ಲಿ 4.75 ಬೆಂಗಳೂರಿನ ಕುಡಿಯೋ ನೀರಿಗೆ. ಇದನ್ನ ಗೆಲುವು ಅಂತ ಬರೆದ್ರೂ ಸುಳ್ಳಲ್ಲ, ಕಡಿತ ಅಂತ ಬರೆದ್ರೂ ಸುಳ್ಳಲ್ಲ, ಹೆಡ್ಡಿಂಗ್ ನೋಡಿ ಪಕ್ಷಪಾತ ಅಂದ್ಬಿಡೋಕಾಗಲ್ಲ. ಅವರ ಕಡೆ ಅಂತರ್ಜಲದಲ್ಲಿ 10 ಟಿಎಂಸಿನ ಕೋರ್ಟ್ ಲೆಕ್ಕಕ್ಕೆ ತಗೊಂಡಿದ್ರಿಂದ ಹೀಗಾಯ್ತು ಅಂತ ಕಾರಣ ಒಳಗಡೆ ಇದೆಯಾ ಅಂತ ನೋಡ್ತೀನಿ. ಇದ್ರೆ ಹೆಡ್ಡಿಂಗ್ ಹೆಂಗಿದ್ರೂ ಆ ವರದಿ ಓದುಗರಿಗೆ ಮೋಸ ಮಾಡಿಲ್ಲ.

ತಂಜಾವೂರು ಕಡೆಯ ಗೆಳೆಯರೊಬ್ರು ತಮಿಳು ಪೇಪರ್ ಓದಿ ಹೇಳ್ತಿದಾರೆ, ಅವರಿಲ್ದೇ ನಾಲ್ಕನೇ ಕಾಲಂ ಆಗ್ತಿರ್ಲಿಲ್ಲ. ನನ್ ಹತ್ರ ಇರೋ ಕನ್ನಡ ಕಟಿಂಗ್‌ಗಳಲ್ಲಿ ಕೆಆರ್‌ಎಸ್ ಎಷ್ಟು ಅಡಿ ಅಂತ ದಿನಾ ಇದೆ, ತಮಿಳುನಾಡಿನ ಮೆಟ್ಟೂರು ಡ್ಯಾಮಲ್ಲಿ ಎಷ್ಟಿದೆ, ಅಲ್ಲಿಯ ಕುರುವೈ ಭತ್ತದ ಬೆಳೆ ಏನಾಯ್ತು ಅನ್ನೋದು ಹುಡುಕ್ಬೇಕು. ಅವರು ನೋಡಿದ ಪೇಪರ್‌ಗಳಲ್ಲಿ ಸರಿಯಾಗಿ ಉಲ್ಟಾ. ನಮ್ಮ ನೀರು, ನಮ್ಮ ಊರು, ನನಗೂ ಹೊಟ್ಟೆ ಉರಿಯುತ್ತೆ, ಅದಕ್ಕೇ ನಮ್ಮ ಪರ ಇರೋ ಅಂಕಿನ ಇನ್ನೂ ಗಟ್ಟಿಯಾಗಿ ಪರೀಕ್ಷೆ ಮಾಡ್ಬೇಕು ಅಂತೀನಿ, ಕೋರ್ಟಲ್ಲಿ ನಿಲ್ಲೋದು ಗಟ್ಟಿ ಅಂಕಿನೇ.

2016 ನಿಂತಿರೋದು ಟಿವಿಯಿಂದ. ಸೆಪ್ಟೆಂಬರ್ 12ಕ್ಕೆ ಬೆಂಗಳೂರಲ್ಲಿ ಬಸ್‌ಗಳು ಸುಟ್ಟ ದಿನ ಜನ ನೋಡ್ತಿದ್ದಿದ್ದು ಟಿವಿ ಮತ್ತೆ ಫೋನಿಗೆ ಬಂದ ವಿಡಿಯೋ, ಪೇಪರ್ ಬಂದಿದ್ದು ಮಾರನೇ ದಿನ. ಆವತ್ತಿನ ವಿಡಿಯೋ ಎಲ್ಲಿದು, ಯಾವಾಗಿಂದು ಅಂತ ಗೊತ್ತಾಗದೇ ಶೀಟಿಗೆ ಹಾಕಲ್ಲ. ಅಷ್ಟರಲ್ಲಿ 2012 ಶುರು ಮಾಡ್ತೀನಿ, ಆಗ 9000 ಕ್ಯೂಸೆಕ್ ಬಿಡೋಕೆ ಹೇಳಿದ್ದು ಪ್ರಧಾನಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ. ಆ ಸೆಪ್ಟೆಂಬರ್, ಅಕ್ಟೋಬರ್ ಪೇಪರ್ ಮನೇಲಿ ಇಟ್ಟಿರೋರು ಯಾರಾದ್ರೂ ಇದ್ರೆ ದಿನಾಂಕ ಕಾಣೋ ಹಾಗೆ ಪುಟ ಪೂರ್ತಿ ಫೋಟೋ ತೆಗೆದು ಕಳ್ಸಿ.